ಹಸಿದ ಜೀವಕೋಶ

ತಟ್ಟೆಯಲ್ಲಿ ಒಂದು ಚಿಪ್ಪು ಬಾಳೆಹಣ್ಣು, ಮೊಳ ಮಲ್ಲಿಗೆ, ಮಡಿಸಿದ ರವಿಕೆ ಕಣ ಇಟ್ಟುಕೊಂಡು ಕಾಶಮ್ಮ ಆ ಬೆಳಿಗ್ಗೆ ಬಂದದ್ದು ಥ್ಯಾಂಕ್ಸ್ ಹೇಳಿ ಹೋಗಲಿಕ್ಕೆ. ಭದ್ರಾವತಿಯ ಜನ್ನಾಪುರದ ಆ ಸಣ್ಣ ಮನೆಯ ಬಾಗಿಲಲ್ಲಿ ಆಕೆ ಚಪ್ಪಲಿ ಬಿಡುವುದನ್ನು ಕಂಡು ಯಶೋಧರಾ ಗಡಿಬಿಡಿಯಿಂದ ಕುರ್ಚಿಯ ಮೇಲಿದ್ದ ಬಟ್ಟೆ ಬಾಚಿಕೊಂಡಳು. ಅಡಿಕೆ ವ್ಯಾಪಾರಿ ಶಿವಶಂಕರಪ್ಪನವರ ಮನೆಯ ಹೆಂಗಸರು ಈ ಬೀದಿಗೆ ಕಾಲಿಟ್ಟದ್ದನ್ನು ಅವಳು ಮದುವೆಯಾಗಿ ಬಂದಾಗಿನಿಂದ ಕಂಡಿರಲಿಲ್ಲ.

ಯಶೋಧರಾಳ ಗಂಡನ ಅಕ್ಕ ಸಮತಾ ಒಳಗೆ ಲ್ಯಾಪ್‌ಟಾಪ್ ಮುಂದಿಟ್ಟುಕೊಂಡು ಕೂತಿದ್ದಳು. ಸಂಜೆ ನಾಲ್ಕಕ್ಕೆ ಶಿವಮೊಗ್ಗದ ರಂಗಮಂದಿರದಲ್ಲಿ ಅವಳಿಗೆ ಸನ್ಮಾನ, ಆಮೇಲೆ ಅವಳ ಉಪನ್ಯಾಸ. ಕಾರ್ಖಾನೆಯ ಫೌಂಡ್ರಿಯಲ್ಲಿ ಬೆವರು ಹರಿಸಿದ ಗೋವಿಂದಯ್ಯನ ಮಗಳು ಈಗ ಹೈದರಾಬಾದಿನಲ್ಲಿ ಸ್ವಂತ ಪ್ರಯೋಗಾಲಯವಿರುವ ವಿಜ್ಞಾನಿ. ಆಹಾರ ಸಿಗದೆ ಹೋದಾಗ ಜೀವಕೋಶವೊಂದು ತನ್ನೊಳಗಿನ ಸವೆದ ಭಾಗಗಳನ್ನು ಒಡೆದು ಮತ್ತೆ ಬಳಸಿಕೊಳ್ಳುವುದು ಹೇಗೆ ಎಂಬುದರ ಮೇಲೆ ಇಪ್ಪತ್ತು ವರ್ಷ ಕೆಲಸ ಮಾಡಿದವಳು. ಹೋದ ವರ್ಷ ಅದಕ್ಕೆ ದೇಶದ ದೊಡ್ಡ ಪ್ರಶಸ್ತಿ ಬಂದಿತ್ತು. ಬಂದಮೇಲೆ ಕರ್ನಾಟಕದ ಊರೂರಿನಿಂದ ಭಾಷಣಕ್ಕೆ ಕರೆ. ದಾವಣಗೆರೆಯಲ್ಲಿ ಮಾತಾಡುವಾಗ ಅವಳ ಬಾಯಿಂದ ತಾನಾಗಿ ಒಂದು ಮಾತು ಬಂತು: "ಹಸಿದ ಜೀವಕೋಶ ತನ್ನ ಕಸವನ್ನು ತಾನೇ ತಿಂದು ಹೊಸದಾಗುತ್ತದೆ." ಸಭೆ ಎದ್ದು ಚಪ್ಪಾಳೆ ತಟ್ಟಿತು. ಅಂದಿನಿಂದ ಆ ಮಾತು ಪ್ರತಿ ಭಾಷಣದಲ್ಲೂ ಬರುತ್ತಿತ್ತು. ಅದಕ್ಕೆ ಮುಂಚೆ ಎಷ್ಟು ಹೊತ್ತು ಸುಮ್ಮನಿರಬೇಕು ಎಂಬುದೂ ಅವಳಿಗೆ ರೂಢಿಯಾಗಿತ್ತು. ಯಾರೋ ಅದನ್ನಷ್ಟೇ ಕತ್ತರಿಸಿ ಮೊಬೈಲಿಗೆ ಬಿಟ್ಟಿದ್ದರು. ಲಕ್ಷಗಟ್ಟಲೆ ಜನ ನೋಡಿದ್ದರು.

"ನಿಮ್ಮಿಂದ ನನ್ನ ಮಗಳು ಉಳ್ಕೊಂಡ್ಲು ಮೇಡಂ," ಎಂದಳು ಕಾಶಮ್ಮ, ತಟ್ಟೆಯನ್ನು ಮುಂದಕ್ಕೆ ಚಾಚಿ. ಕಣ್ಣಲ್ಲಿ ನೀರು ತುಂಬಿತ್ತು.

"ಅಯ್ಯೋ ಕೂತ್ಕೊಳಿ ಅಕ್ಕ. ಮಗಳಿಗೆ ಏನಾಗಿತ್ತು?"

"ಶುಗರ್ರು. ಸೌಂದರ್ಯ ಅಂತ ಹೆಸ್ರು, ಬಿ.ಎಡ್ ಮಾಡಿದಾಳೆ. ಎಂಟು ವರ್ಷದ ಕೂಸಿದ್ದಾಗಿಂದ ದಿನಾ ಇನ್ಸುಲಿನ್ ಚುಚ್ಕೋಬೇಕು. ಅದನ್ನ ಹೇಳಿದ ತಕ್ಷಣ ಬಂದ ಗಂಡುಗಳೆಲ್ಲ ಎದ್ದು ಹೋಗ್ತಿದ್ರು. ನಿಮ್ಮ ಮಾತನ್ನ ದಿನಾ ಹಾಕ್ಕೊಂಡು ಕೇಳ್ತಿದ್ಲು. ಈಗ ಸೂಜೀನೇ ಬಿಟ್ಬಿಟ್ಟಿದಾಳೆ."

ಸಮತಾಳ ಕೈ ತಟ್ಟೆಯ ಮೇಲೆಯೇ ನಿಂತಿತು. "ಬಿಟ್ಟಿದಾಳೆ ಅಂದ್ರೆ?"

"ಹೊಳೆಹೊನ್ನೂರಿನ ಹತ್ರ ಹೊಳೆ ದಂಡೇಲಿ ನವಕೋಶ ಆಶ್ರಮ ಇದೆಯಲ್ಲ, ಜ್ಞಾನೇಶ್ ಗುರೂಜಿದು. ಅಲ್ಲಿ ಉಪವಾಸಕ್ಕೆ ಸೇರಿಸಿದೀವಿ. ನಮ್ಮನೆಯವರು ಅಲ್ಲೇ ಅವಳ ಜೊತೆ ಇದಾರೆ. ಮೊನ್ನೆಯಿಂದ ಬರೀ ನೀರು. ಸೂಜಿ ಇಲ್ಲ, ಮಾತ್ರೆ ಇಲ್ಲ."

"ಹೇಗಿದಾಳೆ ಈಗ?"

"ರಾತ್ರಿಯಿಂದ ವಾಂತಿ ಅಂತೆ. ಹೊಟ್ಟೆನೋವು. ಉಸಿರು ಏದುಸಿರು. ಗುರೂಜಿ ಹೇಳಿದ್ರು, ಕಸ ಹೊರಗೆ ಬರ್ತಾ ಇದೆ, ಒಳ್ಳೇ ಲಕ್ಷಣ ಅಂತ." ಕಾಶಮ್ಮ ಸಮತಾಳ ಮುಖ ನೋಡಿ ಮಾತು ನಿಲ್ಲಿಸಿದಳು. "ಯಾಕೆ ಮೇಡಂ?"

ಸಮತಾ ಎದ್ದು ನಿಂತಾಗಿತ್ತು. ಅವಳು ವೈದ್ಯೆಯಲ್ಲ. ಆದರೆ ಚಿಕ್ಕ ವಯಸ್ಸಿನಲ್ಲೇ ಬರುವ ಆ ಬಗೆಯ ಸಕ್ಕರೆ ಕಾಯಿಲೆಯಲ್ಲಿ ಮೈ ಸ್ವಂತ ಇನ್ಸುಲಿನ್ ತಯಾರಿಸುವುದಿಲ್ಲ, ಹೊರಗಿನದು ನಿಂತರೆ ಎರಡು ಮೂರು ದಿನದಲ್ಲಿ ಜೀವಕ್ಕೇ ಸಂಚಕಾರ ಎಂಬುದು ತಿಳಿಯಲು ವೈದ್ಯೆಯಾಗಬೇಕಿರಲಿಲ್ಲ.

"ಭೀಮಾ!" ಎಂದು ಕೂಗಿದಳು. "ಗಾಡಿ ತೆಗಿ. ಈಗಲೇ."

ತಮ್ಮ ಭೀಮೇಶ ವೈರಿಂಗ್ ಕಂಟ್ರಾಕ್ಟು ಹಿಡಿಯುವವನು. ಓಮ್ನಿಯ ಹಿಂದಿನ ಸೀಟಿನ ಮೇಲಿದ್ದ ವೈರಿನ ಸುರುಳಿ, ಪೈಪುಗಳನ್ನೆಲ್ಲ ಅಂಗಳಕ್ಕೆ ಎಸೆದು ಗಾಡಿ ಸ್ಟಾರ್ಟ್ ಮಾಡಿದ. ಕಾಶಮ್ಮ ಏನೂ ಅರ್ಥವಾಗದೆ ತಟ್ಟೆಯ ಸಮೇತ ಹತ್ತಿ ಕೂತಳು.

"ಅಕ್ಕ, ನಿಮ್ಮೋರಿಗೆ ಫೋನ್ ಮಾಡಿ. ಹುಡುಗೀನ ತಕ್ಷಣ ಆಸ್ಪತ್ರೆಗೆ ಕರ್ಕೊಂಡು ಹೊರಡ್ಲಿ, ದಾರೀಲಿ ನಾವು ಸಿಗ್ತೀವಿ ಅನ್ನಿ."

ಶಿವಶಂಕರಪ್ಪ ಫೋನ್ ಎತ್ತಲಿಲ್ಲ. ಬೆಳಿಗ್ಗೆ ಒಂದು ಸಲ ಮಾತಾಡಲು ಬಿಟ್ಟರೆ ಆಶ್ರಮದಲ್ಲಿ ದಿನವಿಡೀ ಮೊಬೈಲು ಆಫ್ ಮಾಡಿಸುತ್ತಾರೆ ಎಂದಳು ಕಾಶಮ್ಮ. ಆಂಬುಲೆನ್ಸಿಗೆ ಕರೆ ಮಾಡಿದರೆ, ಹತ್ತಿರದ ಗಾಡಿ ಬೇರೆ ಕೇಸಿಗೆ ಹೋಗಿದೆ, ತಡವಾಗಬಹುದು, ನಿಮ್ಮ ಗಾಡಿಯಿದ್ದರೆ ಹೊರಡುವುದೇ ಒಳ್ಳೆಯದು ಎಂದರು. ಆಗ ಸಮತಾಗೆ ಪ್ರಸನ್ನಕುಮಾರನ ನೆನಪಾಯಿತು. ಶಿವಮೊಗ್ಗದ ಕಾಲೇಜಿನಲ್ಲಿ ಜೊತೆಗೆ ಓದಿದವನು. ಈಗ ಅಲ್ಲಿಯ ಒಂದು ವಿಜ್ಞಾನ ವೇದಿಕೆಯ ಅಧ್ಯಕ್ಷ, ಸಂಜೆಯ ಕಾರ್ಯಕ್ರಮದ ಹೊಣೆಗಾರ. ಊರಿನವರೆಲ್ಲ ಅವನಿಗೆ ಗೊತ್ತು.

"ಪ್ರಸನ್ನ, ಜ್ಞಾನೇಶ್ ಅನ್ನೋರ ನಂಬರ್ ಇದೆಯಾ ನಿನ್ನ ಹತ್ರ?"

"ಇಲ್ದೆ ಏನು ಮಾರಾಯ್ತಿ! ಇಲ್ಲೇ ಪಕ್ಕದಲ್ಲೇ ಇದಾರೆ. ನಮ್ಮ ಇವತ್ತಿನ ಕಾರ್ಯಕ್ರಮಕ್ಕೆ ಅವರೇ ಆಧಾರ, ಖರ್ಚೆಲ್ಲ ಅವರದೇ. ನಿಂಗೆ ಶಾಲು ಹೊದಿಸೋದೂ ಅವರೇ."

ಸಮತಾ ವಿಷಯ ಹೇಳಿದಳು. ಆ ಕಡೆ ಫೋನು ಕೈ ಬದಲಾಯಿಸಿತು. ಮೆತ್ತನೆಯ, ಅವಸರವಿಲ್ಲದ ದನಿ. "ಮೇಡಂ, ನಮಸ್ಕಾರ. ಗಾಬರಿ ಬೇಡ. ಅದು ಶುದ್ಧಿಯ ಘಟ್ಟ. ಸುಸ್ತಾಗುತ್ತೆ, ವಾಂತಿಯಾಗುತ್ತೆ, ಆಮೇಲೆ ಹೂವಿನ ಹಾಗೆ ಏಳ್ತಾರೆ. ತಾವೇ ಹೇಳಿದ್ದಲ್ವಾ?"

"ಆ ಹುಡುಗೀನ ಆಸ್ಪತ್ರೆಗೆ ಕಳಿಸಿ ಅಂತ ನಿಮ್ಮೋರಿಗೆ ಈಗಲೇ ಹೇಳಿ."

"ಸಂಜೆ ಕೂತು ಮಾತಾಡೋಣ ಮೇಡಂ." ಫೋನು ಕಟ್ಟಾಯಿತು.

ಭೀಮೇಶ ಗಾಡಿಯನ್ನು ಸಾಧ್ಯವಿದ್ದಷ್ಟು ಜೋರಾಗಿ ಬಿಟ್ಟ. ಭತ್ತದ ಲೋಡಿನ ಟ್ರ್ಯಾಕ್ಟರೊಂದು ರಸ್ತೆ ತುಂಬ ಓಲಾಡುತ್ತ ದಾರಿ ಕೊಡದೆ ಸತಾಯಿಸಿತು; ಅವನು ಹಾರ್ನ್ ಒತ್ತಿ ಒತ್ತಿ ಕೊನೆಗೆ ಮಣ್ಣಿಗಿಳಿಸಿ ದಾಟಿದ. ಕಾಶಮ್ಮ ಮೂರು ಸಲ ಅದೇ ಪ್ರಶ್ನೆ ಕೇಳಿದಳು: "ಏನಾದ್ರೂ ಆಗುತ್ತಾ ಮೇಡಂ?" ಮೊದಲೆರಡು ಸಲ ಸಮತಾ "ಹೋಗಿ ನೋಡೋಣ" ಎಂದಳು. ಮೂರನೆಯ ಸಲ ಹೇಳಿಬಿಟ್ಟಳು. "ಇನ್ಸುಲಿನ್ ಇಲ್ದೆ ಅವಳು ಬದುಕಲ್ಲ ಅಕ್ಕ." ತಟ್ಟೆಯಲ್ಲಿದ್ದ ಬಾಳೆಹಣ್ಣು ಜಾರಿ ಕಾಲಡಿಗೆ ಬಿತ್ತು, ಕಾಶಮ್ಮ ಎತ್ತಿಕೊಳ್ಳಲಿಲ್ಲ.

ಆಶ್ರಮವೆಂದರೆ ಹಳೆಯ ಅಕ್ಕಿ ಗಿರಣಿಯ ಗೋಡೌನಿಗೆ ಬಿಳಿ ಸುಣ್ಣ ಹೊಡೆಸಿ ಮಾಡಿದ್ದು. ಗೇಟಿನ ಪಕ್ಕ ಆಳೆತ್ತರದ ಫ್ಲೆಕ್ಸ್. ಅದರಲ್ಲಿ ಪ್ರಶಸ್ತಿ ಪದಕ ಹಿಡಿದ ಸಮತಾಳ ಫೋಟೋ, ಕೆಳಗೆ ಕೆಂಪಕ್ಷರದಲ್ಲಿ ಅವಳದೇ ಮಾತು. ತನ್ನನ್ನು ಇವರು ಕೇಳಿಯೇ ಇರಲಿಲ್ಲ ಎಂದು ಅವಳಿಗೆ ಸಿಟ್ಟು ಬಂದದ್ದು ಆಮೇಲೆ. ಆಗ ಆ ಅಕ್ಷರಗಳನ್ನು ಇನ್ನೊಮ್ಮೆ ಓದಿ ಗೇಟಿನ ಕಡೆ ನಡೆದಳು, ಅಷ್ಟೇ.

ಕಾವಲಿನವನು ಫ್ಲೆಕ್ಸನ್ನೂ ಅವಳ ಮುಖವನ್ನೂ ಒಮ್ಮೆ ನೋಡಿ ಎರಡೂ ಕೈ ಮುಗಿದ. "ಮೇಡಮ್ಮೋರು ಬಂದ್ರು!" ಎಂದು ಒಳಕ್ಕೆ ಕೂಗಿ ಗೇಟನ್ನು ಅಗಲ ತೆರೆದ. ಒಳಗೆ ಚಾಪೆಗಳ ಸಾಲು. ಒಂದು ನಲವತ್ತು ಜನ ಬಿಳಿ ಬಟ್ಟೆಯಲ್ಲಿ ಕೂತಿದ್ದರು, ಕೆಲವರು ಮಲಗಿದ್ದರು. ಮೂಲೆಯ ಸ್ಪೀಕರಿನಲ್ಲಿ ಮಂದ ಕೊಳಲಿನ ನಡುವೆ ಹೆಣ್ಣುದನಿಯೊಂದು ಕೇಳುತ್ತಿತ್ತು. ಅದು ತನ್ನದೇ ದನಿ ಎಂದು ಗೊತ್ತಾಗಲು ಸಮತಾಗೆ ಸ್ವಲ್ಪ ಹೊತ್ತು ಬೇಕಾಯಿತು. ಸುಮ್ಮನಾಗುವಲ್ಲಿ ಸುಮ್ಮನಾಗಿ, ತಗ್ಗಿಸುವಲ್ಲಿ ತಗ್ಗಿಸಿ, ಎಷ್ಟು ಚೆನ್ನಾಗಿ ಮಾತಾಡಿದ್ದಳು!

ಸೌಂದರ್ಯ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ತುಟಿ ಒಣಗಿ ಸಿಪ್ಪೆ ಎದ್ದಿತ್ತು. ಉಸಿರು ಓಡಿ ಬಂದವರ ಹಾಗೆ ಆಳವಾಗಿ, ಬಿಡುವಿಲ್ಲದೆ ನಡೆದಿತ್ತು. ಸಮತಾ ಬಗ್ಗಿದಾಗ ಕೊಳೆತ ಹಣ್ಣಿನಂಥ ಸಿಹಿ ವಾಸನೆ ಮೂಗಿಗೆ ಬಡಿಯಿತು. ಪುಸ್ತಕದಲ್ಲಿ ಎಷ್ಟೋ ಸಲ ಓದಿದ್ದ ವಾಸನೆ. ಮೂಗಿಗೆ ಬಂದದ್ದು ಅದೇ ಮೊದಲು.

"ಸೌಂದರ್ಯ. ಏಳ್ತೀಯಾಮ್ಮ? ಆಸ್ಪತ್ರೆಗೆ ಹೋಗೋಣ."

ಹುಡುಗಿ ಕಣ್ಣು ತೆರೆದು ಅವಳನ್ನು ಗುರುತಿಸಿದಳು. ಮುಖ ಅರಳಿತು. "ಮೇಡಂ... ನನ್ನ ನೋಡಕ್ಕೆ ಬಂದ್ರಾ?" ನಾಲಗೆ ತೊದಲುತ್ತಿತ್ತು. "ಆಸ್ಪತ್ರೆ ಬೇಡ ಮೇಡಂ. ಆಗ್ತಾ ಇದೆ. ಹೊಸದಾಗ್ತಾ ಇದೆ."

"ಇಲ್ಲಮ್ಮ. ಆಗ್ತಾ ಇಲ್ಲ."

ಪಕ್ಕದಲ್ಲಿ ಕೂತಿದ್ದ ಶಿವಶಂಕರಪ್ಪ ಎದ್ದು ನಿಂತರು. ದೊಡ್ಡ ಆಳು, ನಿದ್ದೆಗೆಟ್ಟು ಕಣ್ಣು ಕೆಂಪಾಗಿದ್ದವು. "ಏನಿದು ಮೇಡಂ? ಎರಡು ದಿನ ಹಲ್ಲು ಕಚ್ಚಿ ತಡ್ಕೊಂಡಿದೆ ಮಗು. ಇನ್ನೇನು ಮುಗೀತು ಅನ್ನೋವಾಗ ಬಂದು ಎಬ್ಬಿಸ್ತೀರಲ್ಲ."

"ಯಜಮಾನ್ರೆ, ಇವಳ ಸ್ಥಿತಿ ಚೆನ್ನಾಗಿಲ್ಲ. ಒಂದೊಂದು ನಿಮಿಷಾನೂ..."

"ಉಪವಾಸ ಇದ್ರೆ ಕೋಶ ಹೊಸದಾಗುತ್ತೆ ಅಂದೋರು ಯಾರು? ನಾನಾ? ಗುರೂಜೀನಾ? ನಿಮ್ಮ ಬಾಯಿಂದಲೇ ಕೇಳಿದ್ದು. ಈಗಲೂ ಅಲ್ಲಿ ಹೇಳ್ತಾ ಇದೀರಲ್ಲ, ಕೇಳಿ!" ಅವರು ಸ್ಪೀಕರಿನ ಕಡೆ ಕೈ ತೋರಿಸಿದರು.

ಆಶ್ರಮದ ಮೇಲ್ವಿಚಾರಕಿ ದಾಕ್ಷಾಯಣಮ್ಮ ಬಂದು ಬಾಗಿಲಿಗೆ ಅಡ್ಡ ನಿಂತಳು. ಅವಳ ಕೈಯಲ್ಲಿದ್ದ ಮೊಬೈಲಿನಿಂದ ಜ್ಞಾನೇಶನ ದನಿ ಬರುತ್ತಿತ್ತು, ನಡುವೆ ಬಿಟ್ಟರೆ ಮಾಡಿದ ತಪಸ್ಸೆಲ್ಲ ನೀರುಪಾಲು ಎಂದು. ಚಾಪೆಗಳ ಮೇಲಿದ್ದವರೆಲ್ಲ ಎದ್ದು ಕೂತು ನೋಡುತ್ತಿದ್ದರು.

ಸಮತಾ ವಿವರಿಸಲು ಹೊರಟಳು. ರಕ್ತದಲ್ಲಿ ಸಕ್ಕರೆ ತುಂಬಿ ತುಳುಕುತ್ತಿದ್ದರೂ ಇನ್ಸುಲಿನ್ ಇಲ್ಲದೆ ಅದು ಜೀವಕೋಶದ ಒಳಗೆ ಹೋಗುವುದಿಲ್ಲ; ಬಾಗಿಲಿಗೆ ಬೀಗ ಬಿದ್ದ ಹಾಗೆ... ಅಲ್ಲಿಗೆ ತಡೆದಳು. ಮತ್ತೊಂದು ಚಂದದ ಹೋಲಿಕೆ ಕೊಡಲು ಹೊರಟಿದ್ದಳು. ಸಾವಿರ ಜನರೆದುರು ಒಂದು ಮಾತಿಗೂ ತಡವರಿಸದ ಹೆಂಗಸು ಒಬ್ಬ ತಂದೆಯ ಮುಂದೆ ನಿಂತು ಸಾದಾ ಮಾತೊಂದನ್ನು ಹುಡುಕಿದಳು.

"ಶಿವಶಂಕರಪ್ಪೋರೆ," ಎಂದಳು. "ಇವಳು ಸಾಯ್ತಾಳೆ. ಇವತ್ತೇ ಸಾಯಬಹುದು."

ಆ ಮಾತು ಗೋಡೌನಿನಲ್ಲೆಲ್ಲ ಕೇಳಿಸಿತು. ಶಿವಶಂಕರಪ್ಪನವರ ಕೈ ಮೇಲಕ್ಕೆದ್ದಿತು, ಹೊಡೆಯಲಿಕ್ಕೋ ಮಾತನ್ನು ತಡೆಯಲಿಕ್ಕೋ ಅವರಿಗೇ ತಿಳಿದಿರಲಾರದು. ಭೀಮೇಶ ಅಕ್ಕನ ಮುಂದಕ್ಕೆ ಬಂದು ನಿಂತ. ಅಷ್ಟರಲ್ಲಿ ಕಾಶಮ್ಮ ಚಾಪೆಯ ಮೇಲೆ ಮಂಡಿಯೂರಿ ಮಗಳ ಕಂಕುಳಿಗೆ ಕೈ ಹಾಕಿದ್ದಳು. "ಕಾಲು ಹಿಡ್ಕೊಳಪ್ಪ," ಎಂದಳು ಭೀಮೇಶನಿಗೆ. ಅವನು ಹಿಂಜರಿಯುತ್ತ ಶಿವಶಂಕರಪ್ಪನವರ ಕಡೆ ನೋಡಿದ. "ಅವರನ್ನೇನು ನೋಡ್ತೀಯಾ? ಹೆತ್ತೋಳು ನಾನು. ಹಿಡ್ಕೊ!"

ದಾಕ್ಷಾಯಣಮ್ಮ ಬಾಗಿಲು ಬಿಡಲಿಲ್ಲ. ಕಾಶಮ್ಮ ಅವಳನ್ನು ಭುಜದಿಂದ ದೂಡಿಕೊಂಡೇ ಹೊರಗೆ ನಡೆದಳು. ಶಿವಶಂಕರಪ್ಪ ಒಂದು ಕ್ಷಣ ನಿಂತಲ್ಲೇ ನಿಂತಿದ್ದವರು ಮಗಳ ಚಪ್ಪಲಿ ಕೈಯಲ್ಲಿ ಹಿಡಿದು ಹಿಂದೆಯೇ ಓಡಿ ಬಂದರು.

ಶಿವಮೊಗ್ಗದ ದಾರಿಯಲ್ಲಿ ಸೌಂದರ್ಯಳ ತಲೆ ಸಮತಾಳ ತೊಡೆಯ ಮೇಲಿತ್ತು. ನಿದ್ದೆ ಹೋಗಲು ಬಿಡಬಾರದೆಂದು ಸಮತಾ ಏನೇನೋ ಕೇಳುತ್ತಿದ್ದಳು: ಯಾವ ವಿಷಯ ಓದಿದ್ದು, ಯಾವ ಟೀಚರು ಇಷ್ಟ. ಹುಡುಗಿ ಮೊದಮೊದಲು "ಬಯಾಲಜಿ" ಎಂದಳು, ಆಮೇಲೆ "ಹೂಂ" ಎಂದಳು, ಆಮೇಲೆ ಏನೂ ಅನ್ನಲಿಲ್ಲ. ಉಸಿರಿನ ಸದ್ದು ಮಾತ್ರ ಗಾಡಿಯ ಸದ್ದಿಗಿಂತ ಜೋರಾಗಿ ಕೇಳುತ್ತಿತ್ತು. ಆ ಸದ್ದು ನಿಲ್ಲದಿದ್ದರೆ ಸಾಕೆಂದು ಸಮತಾ ಅದನ್ನೇ ಕೇಳುತ್ತ ಕೂತಳು. ಶಿವಶಂಕರಪ್ಪ ಮುಂದಿನ ಸೀಟಿನಿಂದ ಹಿಂದಕ್ಕೆ ತಿರುಗಿ ಮಗಳ ಪಾದ ಉಜ್ಜುತ್ತಲೇ ಇದ್ದರು.

ಸರ್ಕಾರಿ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಬೆರಳು ಚುಚ್ಚಿ ನೋಡಿದಾಗ ಯಂತ್ರ ಅಂಕಿ ತೋರಿಸಲೇ ಇಲ್ಲ. ಅದು ಅಳೆಯಬಲ್ಲ ಮಿತಿಯನ್ನು ಸಕ್ಕರೆ ದಾಟಿಹೋಗಿತ್ತು. ಡ್ಯೂಟಿಯಲ್ಲಿದ್ದ ಡಾಕ್ಟರ್ ವೆಂಕಟಾಚಲ ಮಾತಿಗೆ ನಿಲ್ಲದೆ ಡ್ರಿಪ್ ಹಾಕಿಸಿದರು, ರಕ್ತ ತೆಗೆಸಿದರು, ಹುಡುಗಿಯನ್ನು ಐಸಿಯುಗೆ ಕಳಿಸಿದರು. ಆಮೇಲೆ ಹೊರಗೆ ಬಂದು ಕೇಳಿದರು, "ರಕ್ತವೆಲ್ಲ ಹುಳಿ ಆಗಿದೆ. ಇನ್ನೊಂದು ಸ್ವಲ್ಪ ಹೊತ್ತಾಗಿದ್ರೆ ನನ್ನ ಕೈಲಿ ಏನೂ ಇರ್ತಿರ್ಲಿಲ್ಲ. ಇನ್ಸುಲಿನ್ ನಿಲ್ಲಿಸಿ ಅಂದೋರು ಯಾರು?"

ಶಿವಶಂಕರಪ್ಪ ನಿಧಾನಕ್ಕೆ ಸಮತಾಳ ಕಡೆ ಬೆರಳು ತೋರಿಸಿದರು.

ಡಾಕ್ಟರು ತಿರುಗಿ ನೋಡಿದರು. ಅವರಿಗೆ ಮುಖದ ಗುರುತು ಹತ್ತಿತು. ಸಂಜೆಯ ಕಾರ್ಯಕ್ರಮದ ಪೋಸ್ಟರನ್ನು ಆಸ್ಪತ್ರೆಯ ಕಾಂಪೌಂಡಿಗೂ ಅಂಟಿಸಿದ್ದರು. "ನೀವಾ?" ಎಂದರು, ಅಷ್ಟೇ. ನಾನು ಇನ್ಸುಲಿನ್ ಬಿಡಿ ಎಂದು ಹೇಳಿಲ್ಲ ಎಂಬ ಮಾತು ಸಮತಾಳ ನಾಲಗೆಯ ತುದಿಗೆ ಬಂತು. ಅದು ನಿಜವೂ ಆಗಿತ್ತು. ಆದರೆ ಐಸಿಯು ಬಾಗಿಲಿಗೆ ಒರಗಿ ನಿಂತಿದ್ದ ಕಾಶಮ್ಮನ ಎದುರು ಅದನ್ನು ಹೇಳಲು ಬಾಯಿ ಬರಲಿಲ್ಲ.

ಪ್ರಸನ್ನಕುಮಾರ ಬಿಟ್ಟೂ ಬಿಡದೆ ಫೋನ್ ಮಾಡುತ್ತಿದ್ದ. ಸಭಾಂಗಣ ತುಂಬಿದೆ, ಹೊರಗೂ ಜನ ನಿಂತಿದಾರೆ, ಎಲ್ಲಿದೀಯಾ ಮಾರಾಯ್ತಿ. ಸಮತಾ ಹೋಗುವುದಿಲ್ಲ ಎಂದುಕೊಂಡೇ ಕೂತಿದ್ದಳು. ಆದರೆ ಚಾಪೆಗಳ ಮೇಲೆ ಎದ್ದು ಕೂತು ನೋಡುತ್ತಿದ್ದ ಆ ಮುಖಗಳು ಕಣ್ಣ ಮುಂದಿನಿಂದ ಹೋಗಲಿಲ್ಲ. ಅವರಲ್ಲಿ ಯಾರು ಯಾವ ಮಾತ್ರೆ ಬಿಟ್ಟು ಕೂತಿದ್ದಾರೋ! ಅವರ ಮನೆಯವರೆಲ್ಲ ಈಗ ಎಲ್ಲಿರುತ್ತಾರೆ ಎಂದು ಯೋಚಿಸಿದಾಗ ಉತ್ತರ ತಾನಾಗಿ ಹೊಳೆಯಿತು: ಗುರೂಜಿಯ ಮಾತು ಕೇಳಲು ರಂಗಮಂದಿರದಲ್ಲೇ. ಭೀಮೇಶನನ್ನು ಕಾಶಮ್ಮನ ಜೊತೆ ಬಿಟ್ಟು ಅವಳು ಒಬ್ಬಳೇ ಆಟೋ ಹತ್ತಿದಳು.

ವೇದಿಕೆಯ ಮೆಟ್ಟಿಲ ಬಳಿ ಪ್ರಸನ್ನ ಅವಳನ್ನು ತಡೆದ. "ವಿಷಯ ಗೊತ್ತಾಯ್ತು. ಹುಡುಗಿ ಹೇಗಿದಾಳೆ?"

"ಗೊತ್ತಿಲ್ಲ ಇನ್ನೂ."

"ನೋಡು, ಇವತ್ತಿನ ಮಟ್ಟಿಗೆ ಅದನ್ನ ಎತ್ತಬೇಡ. ನಾಳೆ ನಾನೇ ಅವರ ಹತ್ರ ಮಾತಾಡ್ತೀನಿ. ಎಂಟುನೂರು ಜನ ಕೂತಿದಾರೆ, ನಮ್ಮ ವೇದಿಕೆಯ ಮರ್ಯಾದೆ ಪ್ರಶ್ನೆ ಇದು."

"ಪ್ರಸನ್ನ, ಅವರ ಆಶ್ರಮ ನೋಡಿದೀಯಾ ನೀನು?"

ಅವನು ದಾರಿ ಬಿಟ್ಟು ಪಕ್ಕಕ್ಕೆ ಸರಿದ.

ಜ್ಞಾನೇಶ್ ಆಗಲೇ ಮಾತಾಡುತ್ತಿದ್ದ. ಐವತ್ತರ ಆಸುಪಾಸು, ಇಸ್ತ್ರಿ ಮಾಡಿದ ಬಿಳಿ ಜುಬ್ಬಾ, ಹಿತವಾದ ನಗು. ನಮ್ಮ ಅಜ್ಜಿಯರು ಏಕಾದಶಿಗೆ ಮಾಡುತ್ತಿದ್ದುದನ್ನೇ ಈಗ ದೊಡ್ಡ ದೊಡ್ಡ ವಿಜ್ಞಾನಿಗಳು ಕಂಡುಹಿಡಿದಿದ್ದಾರೆ ಎಂದ, ಚಪ್ಪಾಳೆ ಬಿತ್ತು. ಸಮತಾಳನ್ನು ಕಂಡು ಎರಡೂ ತೋಳು ಚಾಚಿ ಸ್ವಾಗತಿಸಿ, ತಟ್ಟೆಯಿಂದ ಶಾಲು ಕೈಗೆತ್ತಿಕೊಂಡ.

"ಶಾಲು ಬೇಡ," ಎಂದಳು ಸಮತಾ. ಮೈಕಿನಲ್ಲಿ ಅದು ಎಲ್ಲರಿಗೂ ಕೇಳಿಸಿತು. "ಮೊದಲು ಮಾತಾಡ್ತೀನಿ."

ಸ್ಲೈಡ್ ಹಾಕಲು ಕಾದಿದ್ದ ಹುಡುಗಿಗೆ ಬೇಡವೆಂದು ಸನ್ನೆ ಮಾಡಿದಳು. ಮೈಕಿನ ಸ್ಟ್ಯಾಂಡನ್ನು ಹತ್ತಿರಕ್ಕೆ ಎಳೆದುಕೊಂಡಳು.

"ನೀವೆಲ್ಲ ನನ್ನ ಒಂದು ಮಾತು ಕೇಳಿ ಬಂದಿದೀರಿ. ಹಸಿದ ಜೀವಕೋಶದ ಮಾತು. ನಾನು ಅದನ್ನ ನೋಡಿದ್ದು ಗಾಜಿನ ತಟ್ಟೆಯಲ್ಲಿ. ಆಹಾರ ನಿಲ್ಲಿಸಿದ್ರೆ ಜೀವಕೋಶ ತನ್ನ ಹಳೇ ಭಾಗ ಒಡೆದು ಬಳಸ್ಕೊಳ್ಳುತ್ತೆ. ನಿಜ. ಆಮೇಲೂ ಆಹಾರ ಸಿಗದೆ ಹೋದ್ರೆ ಅದು ಸಾಯುತ್ತೆ. ನನ್ನ ಪ್ರಯೋಗಾಲಯದಲ್ಲಿ ಹಾಗೆ ದಿನಾ ಸಾಯ್ತವೆ. ಅದನ್ನ ನಾನು ಯಾವ ಊರಲ್ಲೂ ಹೇಳಿಲ್ಲ. ಹೇಳಿದ್ರೆ ನೀವು ಚಪ್ಪಾಳೆ ತಟ್ಟಲ್ಲ."

ಮುಂದಿನ ಸಾಲಿನಲ್ಲಿ ಮೊಬೈಲಿಗೆ ಹಿಡಿಯುತ್ತಿದ್ದವನೊಬ್ಬ ಕೈ ಇಳಿಸಿದ.

"ನನ್ನ ಮಾತು ಕೇಳಿ ಭದ್ರಾವತಿಯ ಒಬ್ಬ ಹುಡುಗಿ ಇನ್ಸುಲಿನ್ ನಿಲ್ಲಿಸಿದಾಳೆ. ಈಗ ಇಲ್ಲೇ, ಐಸಿಯುನಲ್ಲಿದಾಳೆ. ಬದುಕ್ತಾಳಾ ಇಲ್ವಾ ನಂಗೆ ಗೊತ್ತಿಲ್ಲ. ಅವಳನ್ನ ನಾನು ಇವತ್ತು ಎತ್ಕೊಂಡು ಬಂದದ್ದು ಇವರ ಆಶ್ರಮದಿಂದ." ಅವಳು ಪಕ್ಕಕ್ಕೆ ತಿರುಗಿ ನೋಡಿದಳು. "ಉಪವಾಸದಿಂದ ಯಾವ ಕಾಯಿಲೆ ವಾಸಿಯಾಗುತ್ತೆ ಅಂತಲೂ ನಾನು ಕಂಡುಹಿಡಿದಿಲ್ಲ. ನನ್ನ ಹೆಸರು ಹಾಕಿ ಹಾಗೆ ಹೇಳಿದ್ರೆ ಅದು ಸುಳ್ಳು."

ಗದ್ದಲ ಎದ್ದಿತು. ಹಿಂದಿನಿಂದ ಒಬ್ಬ ಎದ್ದು ಕೂಗಿದ, "ಹಾಗಾದ್ರೆ ಪ್ರಶಸ್ತಿ ಯಾಕೆ ತಗೊಂಡ್ರಿ?" ಮತ್ತೊಬ್ಬ, "ಕೂತ್ಕೊಳಯ್ಯ, ಹೇಳಕ್ಕೆ ಬಿಡು!" ಎಂದ. ಜ್ಞಾನೇಶ್ ಇನ್ನೊಂದು ಮೈಕು ತೆಗೆದುಕೊಂಡು ನಗುತ್ತಲೇ ಹೇಳಿದ, "ಮೇಡಂ ಪಾಪ ಒತ್ತಡದಲ್ಲಿದಾರೆ. ಔಷಧಿ ಕಂಪನಿಗಳು ಎಂಥೆಂಥೋರನ್ನೂ ಬಿಡಲ್ಲ. ನಾವು ಅವರನ್ನ ಕ್ಷಮಿಸೋಣ." ಮುಂದಿನ ಸಾಲಿನ ಅವನ ಕಡೆಯವರು ಚಪ್ಪಾಳೆ ತಟ್ಟಿದರು. ಸಮತಾ ಬಾಯಿ ತೆರೆದಳು. ಅವಳ ಮೈಕಿನಿಂದ ಸದ್ದು ಬರಲಿಲ್ಲ. ಯಾರೋ ನಿಲ್ಲಿಸಿದ್ದರು. ಅವಳು ಪ್ರಸನ್ನನ ಕಡೆ ನೋಡಿದಳು. ಅವನು ನೆಲ ನೋಡುತ್ತಿದ್ದ.

ಆಗ ಮಧ್ಯದ ಸಾಲಿನಿಂದ ಒಬ್ಬ ಹೆಂಗಸು ಕುರ್ಚಿ ಸಾಲನ್ನು ಸರಿಸಿಕೊಂಡು ಮುಂದೆ ಬಂದಳು. ಸೀತಾ ಎಂದು ಹೆಸರು, ಮಲವಗೊಪ್ಪದವಳು ಎಂದು ಆಮೇಲೆ ತಿಳಿಯಿತು. ವೇದಿಕೆಯ ಅಂಚಿಗೆ ಬಂದು ತಲೆಯೆತ್ತಿ ಕೇಳಿದಳು. "ನಮ್ಮನೆಯವರು ಅಲ್ಲೇ ಇದಾರೆ ಮೇಡಂ. ಹಾರ್ಟಿಗೆ ಸ್ಟೆಂಟ್ ಹಾಕಿದಾರೆ. ಮಾತ್ರೆ ಎಲ್ಲ ಬಿಡಿಸಿದಾರೆ. ಏನ್ ಮಾಡ್ಲಿ?"

ಸಮತಾ ವೇದಿಕೆಯಿಂದ ಕೆಳಗಿಳಿದಳು. "ಯಾವಾಗಿಂದ ಬಿಟ್ಟಿದಾರೆ?"

"ಹೋದ ವಾರದಿಂದ."

"ಇವತ್ತೇ ಕರ್ಕೊಂಡು ಬನ್ನಿ. ಸ್ಟೆಂಟ್ ಹಾಕಿದ ಡಾಕ್ಟರ್ ಹತ್ರ ನೇರ ಹೋಗಿ. ನಾನು ಡಾಕ್ಟರ್ ಅಲ್ಲ, ನನ್ನ ಮಾತು ಕೇಳ್ಕೊಂಡು ಮನೇಲಿ ಕೂರಬೇಡಿ."

ಸೀತಾ ಅಲ್ಲಿಂದಲೇ ಫೋನ್ ಕಿವಿಗಿಟ್ಟುಕೊಂಡು ಬಾಗಿಲ ಕಡೆ ಓಡಿದಳು. ಮುದುಕರೊಬ್ಬರು ತಮ್ಮ ಸೊಸೆ ಥೈರಾಯ್ಡ್ ಮಾತ್ರೆ ಬಿಟ್ಟದ್ದನ್ನು ಹೇಳಿದರು. ಇನ್ನೊಬ್ಬ, ಅಮ್ಮನ ಬಿಪಿ ಮಾತ್ರೆ. ಎಲ್ಲರೂ ಬರಲಿಲ್ಲ, ಅರ್ಧಕ್ಕರ್ಧ ಜನ ಎದ್ದು ಹೋದರು, ಕೆಲವರು ಹೋಗುತ್ತ ಬೈದೂ ಹೋದರು. ವೇದಿಕೆಯ ಮೇಲೆ ಜ್ಞಾನೇಶ್ ಮಾತು ಮುಂದುವರಿಸಿಯೇ ಇದ್ದ. ಆದರೆ ಬೆವರು, ಮಲ್ಲಿಗೆ, ಗಾಬರಿಯ ನಡುವೆ ಸುತ್ತ ಮುತ್ತಿಕೊಂಡ ಮೂವತ್ತು ನಲವತ್ತು ಜನರಿಗೆ ಸಮತಾ ಒಬ್ಬೊಬ್ಬರಿಗೂ ಅದೇ ಮಾತನ್ನು ಹೇಳುತ್ತ ಹೋದಳು. ಗಂಟಲು ಕಟ್ಟಿಹೋಗುವವರೆಗೆ ಹೇಳಿದಳು. ಒಂದು ಮಾತೂ ಚಂದವಾಗಿರಲಿಲ್ಲ.

ಆ ಗುಂಪಿನ ನಡುವೆ ಭೀಮೇಶನ ಫೋನು ಬಂತು. "ಅಕ್ಕ," ಎಂದ ಅವನು. ಮೂಗು ಒರೆಸಿಕೊಳ್ಳುವ ಸದ್ದು ಕೇಳಿತು. "ಹೇಳೋ ಭೀಮಾ!"

"ಕಣ್ಣು ಬಿಟ್ಳು. ಅಮ್ಮನ್ನ ಕೇಳಿದ್ಲು. ಇನ್ನೂ ಐಸಿಯುನಲ್ಲೇ ಇಟ್ಕೋತಾರಂತೆ, ಆದ್ರೆ ಗಂಡಾಂತರ ಕಳೀತು ಅಂದ್ರು ಡಾಕ್ಟ್ರು."

ಸಮತಾ ಅಲ್ಲೇ ಖಾಲಿ ಕುರ್ಚಿಯೊಂದರ ಮೇಲೆ ಕೂತಳು.

ಸೀತಾಳ ಗಂಡ ಆವತ್ತೇ ಆಶ್ರಮದಿಂದ ಹೊರಬಂದ, ಅವನ ಜೊತೆ ಇನ್ನೂ ಹಲವರು. ಮೂರ್ನಾಲ್ಕು ದಿನಗಳಲ್ಲಿ ಆರೋಗ್ಯ ಇಲಾಖೆಯವರು ಬಂದು ಗೇಟಿಗೆ ಬೀಗ ಹಾಕಿಸಿದರು. ಜ್ಞಾನೇಶ್ ಕೋರ್ಟಿಗೆ ಹೋದ. ಈಗ ಬೇರೆ ಜಿಲ್ಲೆಯಲ್ಲಿ ಬೇರೆ ಹೆಸರಿನಲ್ಲಿ ಶಿಬಿರ ನಡೆಸುತ್ತಿದ್ದಾನೆ ಎಂದು ಹೇಳುವವರಿದ್ದಾರೆ. ಸಮತಾ ತನ್ನ ಹಳೆಯ ವಿಡಿಯೋಗಳನ್ನು ತೆಗೆಸಲು ಓಡಾಡಿದಳು. ಒಂದನ್ನು ತೆಗೆಸಿದರೆ ಇನ್ನೆರಡು ಕಡೆ ಕಾಣಿಸುತ್ತಿತ್ತು. ಪ್ರಸನ್ನಕುಮಾರ ಅವಳ ಫೋನಿಗೆ ಉತ್ತರಿಸುವುದನ್ನು ಬಿಟ್ಟ.

ಹೈದರಾಬಾದಿಗೆ ಹೊರಡುವ ಮುಂಚೆ ಅವಳು ಆಸ್ಪತ್ರೆಗೆ ಹೋದಳು. ಸೌಂದರ್ಯಳನ್ನು ವಾರ್ಡಿಗೆ ಹಾಕಿದ್ದರು. ಮುಖ ಬಿಳಿಚಿಕೊಂಡಿದ್ದರೂ ಕೂತು ಇಡ್ಲಿ ತಿನ್ನುವಷ್ಟಾಗಿದ್ದಳು. ಶಿವಶಂಕರಪ್ಪ ಎದ್ದು ಸ್ಟೂಲು ಸರಿಸಿಕೊಟ್ಟು ಹೊರಗೆ ಹೋದರು. ಸಮತಾ ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದಿದ್ದ ಮಾತುಗಳೆಲ್ಲ ಮರೆತುಹೋದವು.

"ನಂಗೆ ನಿಮ್ಮ ಮೇಲೆ ಸಿಟ್ಟಿದೆ ಮೇಡಂ," ಎಂದಳು ಹುಡುಗಿ. "ನೀವು ಅಷ್ಟು ಚೆನ್ನಾಗಿ ಮಾತಾಡಬಾರದಿತ್ತು."

"ಹೌದು," ಎಂದಳು ಸಮತಾ.

"ನಾನು ಬಯಾಲಜಿ ಓದಿದೋಳು. ನಂಗೆ ಗೊತ್ತಿತ್ತು, ಸೂಜಿ ಬಿಟ್ರೆ ಏನಾಗುತ್ತೆ ಅಂತ. ಆದ್ರೂ ನಂಬಿದೆ." ಅವಳ ಕಣ್ಣು ತುಂಬಿತು, ಬೇಗನೆ ಒರೆಸಿಕೊಂಡಳು.

ಕಾಶಮ್ಮ ಊಟಕ್ಕೆ ಮುಂಚಿನ ಇನ್ಸುಲಿನ್ ಪೆನ್ನು ತಂದು ಕೊಟ್ಟಳು. ಸಮತಾ ಏಳಹೋದಳು.

"ಕೂತ್ಕೊಳಿ," ಎಂದಳು ಸೌಂದರ್ಯ. "ಯಾರಾದ್ರೂ ಹಾಕ್ಕೊಳ್ಳೋದು ನೋಡಿದೀರಾ ನೀವು?"

"ಇಲ್ಲಮ್ಮ."

ಹುಡುಗಿ ಪೆನ್ನಿನ ತುದಿಯ ಕ್ಯಾಪು ತೆಗೆದಳು, ಎಷ್ಟು ಔಷಧಿ ಬೇಕೋ ಅಷ್ಟಕ್ಕೆ ಅದರ ಹಿಂಬದಿ ತಿರುಗಿಸಿಕೊಂಡಳು, ನೈಟಿಯ ನಡುವಿನ ಗುಂಡಿ ಬಿಚ್ಚಿ ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದಳು. ಅಲ್ಲಿ ಹಳೆಯ ಚುಕ್ಕೆಗಳು ತುಂಬಿದ್ದವು. ಅವಳು ಚುಚ್ಚಿಕೊಂಡು, ಒತ್ತಿ, ಔಷಧಿ ಪೂರ್ತಿ ಇಳಿಯಲೆಂದು ಹಾಗೆಯೇ ಹಿಡಿದು ಕೂತಳು. ಸಮತಾ ಕಣ್ಣು ಕೀಳದೆ ನೋಡಿದಳು.